ಯೆಜ್ಡಿ ಜೀರ್ಣೋದ್ಧಾರ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ಅನುಬಂಧ ಚತುಷ್ಟಯ ಹೇಳದೆ ಮುಂದಕ್ಕೆ ಹೋಗಬಾರದೆಂಬುದು ಹಿರಿಯರ ಕಟ್ಟಳೆ. ವಿಷಯ: 1982ರಲ್ಲಿ ನೋಂದಣಿಯಾದ ಒಂದು ಯೆಜ್ಡಿ ರೋಡ್‌ಕಿಂಗ್. ಪ್ರಯೋಜನ: ಅದನ್ನು ಎತ್ತಿ ನಿಲ್ಲಿಸಿ ಮಣ್ಣಿನ ಟ್ರ್ಯಾಕಿನ ಹವ್ಯಾಸಿ ರೇಸಿಗೆ ಇಳಿಸುವುದು. ಅಧಿಕಾರಿ: ತೋರಣಗಲ್ಲಿನಲ್ಲಿ ಪಾಳಿ ಕೆಲಸ ಮಾಡುವ, ಮೂವತ್ತು ದಾಟಿಯೂ ಮನೆಯಲ್ಲಿ ಹುಡುಗನೇ ಆಗಿರುವ ಅಳಿಯ. ಸಂಬಂಧ: ಗಾಡಿ ಸೋದರಮಾವನದು. ವೇದಾಂತಿಗಳು ಈ ಕೊನೆಯದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಅವರಿಗೆ ಸೋದರಮಾವಂದಿರು ಇರಲಿಲ್ಲವೆಂದೇ ತಿಳಿಯಬೇಕು.

ಇನ್ನು ದೇಶಕಾಲ. ಗಾಡಿ ನಿಂತಿರುವುದು ಮೈಲಾರದ ಸೀಮೆಯಲ್ಲಿ, ಹರಪನಹಳ್ಳಿ ತಾಲ್ಲೂಕಿನ ಒಂದು ದನದ ಕೊಟ್ಟಿಗೆಯಲ್ಲಿ. ಕೊಂಡಾಗ ಅದು ಬಳ್ಳಾರಿ ಜಿಲ್ಲೆಯ ಗಾಡಿ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟಿದಾಗ ತಾಲ್ಲೂಕಿನ ಜೊತೆಗೆ ಅತ್ತ ಹೋಯಿತು. ಎರಡು ದಶಕ ಕಳೆದ ಮೇಲೆ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಎರಡೂ ಟೈರು ನೆಲಕ್ಕೆ ಅಂಟಿ, ಸ್ಟ್ಯಾಂಡು ಸಗಣಿಯಲ್ಲಿ ಹೂತು, ನಿಂತಲ್ಲೇ ನಿಂತು ಮೂರು ಜಿಲ್ಲೆ ಸುತ್ತಿದ ಮೋಟಾರ್‌ಸೈಕಲ್ ರ‍್ಯಾಲಿ ಕ್ರೀಡೆಯ ಚರಿತ್ರೆಯಲ್ಲೇ ಅಪರೂಪ. "ಅದು ಓಡಂಗಿಲ್ಲ ಅಂತ ಯಾವನಲೇ ಹೇಳಿದ್ದು?" ಎಂಬ ಮಾವನ ಗುಡುಗಿಗೆ ಇಷ್ಟು ಆಧಾರವಂತೂ ಉಂಟು.

ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ. ಸೀಟಿನ ಫೋಮು ಕಿತ್ತು ಗುಳಿಯಾದ ಜಾಗದಲ್ಲಿ ಕೋಳಿ ಕಾವಿಗೆ ಕೂತಿದೆ. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಇದು ಈ ಕುಲದ ಲಕ್ಷಣ. ಬಲಗಡೆಯದರ ಬಾಯಿಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿದೆ. ಮಣ್ಣು ಇದರೊಳಗೇ ಇರುವುದರಿಂದ ಇದು ಸ್ವಭಾವತಃ ಮಣ್ಣಿನ ಗಾಡಿ ಎಂಬುದು ಅಳಿಯನ ವಾದ. ಎಡಗಡೆಯ ಗೇರು ಕಡ್ಡಿಯನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತದೆ. ಹೊಸ ಕಾಲದ ಹುಡುಗರು ಇದನ್ನು ಮೊದಲ ಸಲ ಕಂಡಾಗ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕಿಕ್ಕರ್ ಎಲ್ಲಿ ಎಂದು ಕೇಳುತ್ತಾರೆ. ಅಳಿಯ ಬಲ್ಲವನು, ಒತ್ತಿದ, ತಿರುಗಿಸಿದ, ಮೈಭಾರವನ್ನೆಲ್ಲ ಹಾಕಿ ತುಳಿದ. ಕಡ್ಡಿ ಅರ್ಧ ಇಳಿದು ನಿಂತಿತು.

"ನೋಡಿದ್ಯಾ, ಕಂಪ್ರೆಷನ್ ಹೆಂಗೈತಿ!" ಅಂದರು ಮಾವ.

"ಮಾವ, ಅದು ಕಂಪ್ರೆಷನ್ ಅಲ್ಲ, ತುಕ್ಕು."

ಒಂದೇ ಪ್ರತ್ಯಕ್ಷ ಇಬ್ಬರಿಗೆ ಎರಡಾಗಿ ಕಂಡದ್ದರಿಂದ ಅನುಮಾನ ಪ್ರಮಾಣಕ್ಕೆ ಹೋಗಬೇಕಾಯಿತು. ಹೋದರೆ ಅಲ್ಲಿ ನ್ಯಾಯಶಾಸ್ತ್ರದ ಬುಡವೇ ಅಲುಗಾಡುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯುಂಟು ಎಂದರು ತಾರ್ಕಿಕರು. ದೃಷ್ಟಾಂತಕ್ಕೆ ಅಡುಗೆಮನೆಯನ್ನು ತೋರಿಸಿದರು. ಪಾಪ, ಟೂ ಸ್ಟ್ರೋಕ್ ಎಂಜಿನ್ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಿ ಕುಡಿಸುವ ಈ ಯಂತ್ರದಲ್ಲಿ ಎಣ್ಣೆ ಹೆಚ್ಚಾಗಿ ಪ್ಲಗ್ಗಿನ ಕಿಡಿ ಕುಂದಿದಷ್ಟೂ ಹೊಗೆ ಜೋರು. ಹೊಗೆ ಚೆನ್ನಾಗಿ ಬಂತೆಂದು ಗಾಡಿ ಗಟ್ಟಿ ಎನ್ನುವ ಹಾಗಿಲ್ಲ. ನಿಜವಾದ ವ್ಯಾಧಿ ಕಣ್ಣಿಗೆ ಕಾಣದ ಕಡೆ ಇರುತ್ತದೆ: ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲು. ಬಿಲ್ಲೆಯಷ್ಟಿರುವ ಈ ರಬ್ಬರು ವರ್ಷಗಟ್ಟಲೆ ಕೂತು ಗಟ್ಟಿಯಾದರೆ ಎಂಜಿನ್ ಪಕ್ಕದಿಂದ ಗಾಳಿ ಎಳೆಯುತ್ತದೆ, ಪೆಟ್ರೋಲು ಎಣ್ಣೆ ಎರಡೂ ಸಾಲದೆ ಬಿಸಿಯೇರುತ್ತದೆ, ಪಿಸ್ಟನ್ ಸೀಜ್ ಆಗುತ್ತದೆ. ರೇಸಿನಲ್ಲಿ ಪೂರ್ತಿ ಆ್ಯಕ್ಸಿಲರೇಟರ್ ಕೊಟ್ಟಾಗಲೇ ಆಗುತ್ತದೆ. ಆದ್ದರಿಂದ ಬಣ್ಣಕ್ಕೆ ಮೊದಲು ಸೀಲು ಎಂಬುದು ಈ ಶಾಸ್ತ್ರದ ಪ್ರಥಮ ಸೂತ್ರ. ಜೀರ್ಣೋದ್ಧಾರಕ್ಕೆ ಇಳಿಯುವವರು ಮೊದಲು ಬಣ್ಣವನ್ನೇ ಹೊಡೆಸುತ್ತಾರೆಂಬುದು ಅನುಭವ.

ಉಪಮಾನಕ್ಕೆ ಹೆಚ್ಚು ಹೊತ್ತು ಬೇಡ. ಗೋತ್ರ ದೊಡ್ಡದೇ. ಯೆಜ್ಡಿ ಹುಟ್ಟಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಮೂಲ ಮನೆತನ ಚೆಕೊಸ್ಲೊವಾಕಿಯಾ. ಅಲ್ಲಿನ ದಾಯಾದಿ ಸಿಝಡ್ ಗಾಡಿಯಲ್ಲಿ ಬೆಲ್ಜಿಯಂನ ಜೋಯೆಲ್ ರೋಬರ್ 1964ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದ. ನಮ್ಮವರೂ ಕಡಿಮೆಯಿಲ್ಲ: ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ಇದನ್ನೆಲ್ಲ ಅಳಿಯ ಊಟದ ಹೊತ್ತಿನಲ್ಲಿ ಹೇಳಿದ. "ಅವರೆಲ್ಲ ಕೊಟ್ಟಿಗಿ ಗಾಡಿ ತಗಂಡು ಹೋಗಿದ್ರೇನಪ್ಪಾ?" ಎಂದು ಅತ್ತೆ ಸಾರು ಬಡಿಸುತ್ತ ಕೇಳಿದರು. ಉಪಮಾನ ಅಲ್ಲಿಗೆ ಮುಗಿಯಿತು.

ಲೆಕ್ಕ ಹಾಕಿದರೂ ಅತ್ತೆಯ ಮಾತೇ ಗೆಲ್ಲುತ್ತದೆ. ರೋಡ್‌ಕಿಂಗ್‌ನ 248.5 ಸಿಸಿ ಎಂಜಿನ್ ಕೊಡುವುದು 16 ಅಶ್ವಶಕ್ತಿ. ಗಾಡಿಯ ತೂಕ ಸುಮಾರು 140 ಕೆಜಿ. ಯಮಹಾ ಆರ್‌ಎಕ್ಸ್ 100ರದು 98 ಸಿಸಿ, 11 ಅಶ್ವಶಕ್ತಿ, ತೂಕ ನೂರು ಕೆಜಿಯ ಆಸುಪಾಸು. ತೂಕಕ್ಕೆ ತಕ್ಕ ಶಕ್ತಿಯಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಜಿಗಿತಕ್ಕೆ ಬೇಕಾದದ್ದು ಬರೀ ಶಕ್ತಿಯಲ್ಲ, ನೆಲಕ್ಕೆ ಬಿದ್ದಾಗ ತಡೆದುಕೊಳ್ಳುವ ಶಾಕಬ್ಸರು. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200ರ ಮುಂದಿನ ಫೋರ್ಕು 190 ಮಿಮೀ, ಹಿಂದಿನದು 170 ಮಿಮೀ ಕುಗ್ಗುತ್ತದೆ. ನಮ್ಮ ಗ್ರಂಥವಸ್ತುವಿನ ಹಿಂದಿನ ಜೋಡಿ ಶಾಕಬ್ಸರನ್ನು ಸೀಟಿನ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು ಕೊಟ್ಟೂರು ತೇರಿಗೆ ಹೋಗಿಬರಲೆಂದು ಮಾಡಿದ್ದು. ಅದರಲ್ಲಿ ಹಾರಿದರೆ ಹಾರಿದ್ದು ಗಾಡಿಗಿಂತ ಹೆಚ್ಚಾಗಿ ಸವಾರನ ಬೆನ್ನುಮೂಳೆಗೆ ಗೊತ್ತಾಗುತ್ತದೆ. ರೇಸು ಗೆಲ್ಲಬೇಕೆನ್ನುವವನು ಎಕ್ಸ್‌ಪಲ್ಸ್ ಕೊಳ್ಳಬೇಕು. ಇಲ್ಲಿ ಯಾವ ಪಾಂಡಿತ್ಯವೂ ಬೇಡ. ಆದರೆ ಎಕ್ಸ್‌ಪಲ್ಸ್ ಕೊಂಡರೆ ಮಾವನಿಗೆ ಅದರಲ್ಲಿ ಏನು ಪಾತ್ರ? ಪ್ರಬಂಧ ಮುಂದುವರಿಯುವುದು ಈ ಒಂದು ಕಾರಣಕ್ಕೆ.

ಮೀಮಾಂಸಕರು ಇನ್ನೆರಡು ಪ್ರಮಾಣ ಕೊಟ್ಟಿದ್ದಾರೆ. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಅಂದರೆ ರಾತ್ರಿ ಉಣ್ಣುತ್ತಾನೆ. ಇದು ಅರ್ಥಾಪತ್ತಿ. ಪ್ರಕೃತದಲ್ಲಿ, ಅಳಿಯ ಸಂಜೆ ಟ್ಯಾಂಕಿಗೆ ಎರಡು ಲೀಟರ್ ಪೆಟ್ರೋಲು ಹಾಕಿ ಹೋದ. ಬೆಳಗ್ಗೆ ಟ್ಯಾಂಕು ಖಾಲಿ. ಹಗಲು ಓಡದ ಗಾಡಿ ರಾತ್ರಿ ಓಡುತ್ತದೆಂದೇ ಕಲ್ಪಿಸಬೇಕು. ಟ್ಯಾಂಕಿನ ತಳ ತುಕ್ಕು ತಿಂದು ಜಲ್ಲಡಿಯಾಗಿದೆ ಎಂಬ ಲೌಕಿಕ ಕಾರಣವನ್ನು ಶಾಸ್ತ್ರ ಒಪ್ಪುತ್ತದಾದರೂ ಅದರಲ್ಲಿ ಸೊಗಸಿಲ್ಲ. ಮತ್ತೊಂದು ಅನುಪಲಬ್ಧಿ, ಇಲ್ಲದಿರುವುದರಿಂದಲೇ ತಿಳಿಯುವ ತಿಳಿವು. ಆರ್‌ಸಿ ಬುಕ್ಕು ಟ್ರಂಕಿನಲ್ಲಿ ಇಲ್ಲ, ಜಗಲಿ ಗೂಡಿನಲ್ಲಿ ಇಲ್ಲ, ದೇವರ ಫೋಟೋ ಹಿಂದೆಯೂ ಇಲ್ಲ. ಪಿಸ್ಟನ್ ಕಿಟ್ಟು, ಬೇರಿಂಗು, ಕ್ಲಚ್ ಪ್ಲೇಟುಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ತರಬಹುದು. ಆರ್‌ಸಿ ಬುಕ್ಕನ್ನು ಲೇಥಿನಲ್ಲಿ ಕಡೆದು ಮಾಡಲಾಗದು.

ಆರ್‌ಸಿ ಬೇಕೋ ಬೇಡವೋ ಎಂಬುದಕ್ಕೆ ಯಾವ ರೇಸು ಎಂದು ಕೇಳಬೇಕು. ಸೂಪರ್‌ಕ್ರಾಸ್ ಆದರೆ ಮೈದಾನದೊಳಗಿನ ಆಟ. ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಹೋಗಿ ಇಳಿಸಿದರಾಯಿತು. ರ‍್ಯಾಲಿ ಆದರೆ ಒಂದು ಹಂತದಿಂದ ಇನ್ನೊಂದಕ್ಕೆ ಊರ ರಸ್ತೆಯಲ್ಲೇ ಓಡಿಸಬೇಕು, ಕಾಗದ ಪತ್ರ ಸರಿಯಿರಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಬೇಕು. ಮಾವ ಇವೆಲ್ಲ ಕೇಳಿಸಿಕೊಂಡು ಒಂದು ಅಪೂರ್ವ ಪರಿಹಾರ ಸೂಚಿಸಿದರು. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಹೊಸದಾಗಿ ನೋಂದಾಯಿಸುವುದಾದರೆ 20,000 ರೂಪಾಯಿ ಕಟ್ಟಬೇಕು, ಅದಕ್ಕೆ ಬೇರೆಯದೇ ನಂಬರು. "ಸುಮ್ನೆ ಬಿಡಲೇ. 2032ಕ್ಕೆ ತಾನೇ ವಿಂಟೇಜ್ ಆಕ್ಕೈತಿ." ಏನೂ ಮಾಡದಿರುವುದೇ ಜೀರ್ಣೋದ್ಧಾರ ಎಂಬ ಈ ಮತವನ್ನು ಅದ್ವೈತಿಗಳೂ ಇಷ್ಟು ಖಚಿತವಾಗಿ ಹೇಳಲಿಲ್ಲ.

ಗ್ರಂಥದ ಮುಖ್ಯ ವಿರೋಧ ಅಡಗಿರುವುದು ಇಲ್ಲೇ. ವಿಂಟೇಜ್ ನಿಯಮ ಚಾಸಿ, ಬಾಡಿ, ಎಂಜಿನ್ ಮುಟ್ಟಬೇಡ ಎನ್ನುತ್ತದೆ. ರೇಸಿನ ಧರ್ಮ ಹೆಡ್‌ಲೈಟು ಬಿಚ್ಚು, ಮಡ್‌ಗಾರ್ಡು ಕತ್ತರಿಸು, ಒಂದು ಸೈಲೆನ್ಸರ್ ಎಸೆ, ಚಾಸಿಗೆ ಬೆಸುಗೆ ಹಾಕಿ ಹಿಂದಿನ ಶಾಕಬ್ಸರನ್ನು ಓರೆಯಾಗಿ ಕೂರಿಸು ಎನ್ನುತ್ತದೆ. ಗುಡಿಯ ಜೀರ್ಣೋದ್ಧಾರದಲ್ಲಿ ಆಗಮದವರು ಮೊದಲು ದೇವರ ಕಳೆಯನ್ನು ಕಲಶಕ್ಕೆ ಇಳಿಸಿ ಬಾಲಾಲಯದಲ್ಲಿ ಇಡುತ್ತಾರೆ. ಆಮೇಲಷ್ಟೇ ಕಲ್ಲಿಗೆ ಉಳಿ ತಾಗಿಸುವುದು. ಗಾಡಿಯ ಕಳೆ ಯಾವುದರಲ್ಲಿದೆ? ಸಾರಿಗೆ ಕಚೇರಿಗೆ ಕೇಳಿದರೆ ಚಾಸಿ ನಂಬರಿನಲ್ಲಿ. ಅಳಿಯನಿಗೆ ಎಂಜಿನ್ನಿನಲ್ಲಿ. ಮಾವನಿಗೆ ಹೆಡ್‌ಲೈಟಿನಲ್ಲಿ: ಮದುವೆಯಾದ ವರ್ಷ ರಾತ್ರಿ ಹೊತ್ತು ಹಡಗಲಿಯಿಂದ ಮಲ್ಲಿಗೆ ಹೂ ಕಟ್ಟಿಸಿಕೊಂಡು ಅದೇ ಬೆಳಕಿನಲ್ಲಿ ಬಂದಿದ್ದರು. ಮಲ್ಲಿಗೆ ಯಾರಿಗೆಂದು ಅವರು ಹೇಳಲಿಲ್ಲ. ಅತ್ತೆಯೂ ಕೇಳಲಿಲ್ಲ.

ಉಳಿದದ್ದು ಶಬ್ದ ಪ್ರಮಾಣ, ಈ ಸೀಮೆಯಲ್ಲಿ ಎಲ್ಲಕ್ಕಿಂತ ಬಲವಾದದ್ದು. ಮೈಲಾರದ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಗೆ ಲಕ್ಷಾಂತರ ಜನ ಬಂಡಿ ಕಟ್ಟಿಕೊಂಡು ಬರುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ" ಎನ್ನುತ್ತಾನೆ. ಅಷ್ಟು ಜನವೂ ಬಾಯಿ ಮುಚ್ಚುತ್ತದೆ. ಒಂದೇ ವಾಕ್ಯ, ಅದೇ ಕಾರಣಿಕ. ಹೇಳಿ ಅಲ್ಲಿಂದಲೇ ಕೆಳಕ್ಕೆ ಬೀಳುತ್ತಾನೆ, ಭಕ್ತರು ಕಂಬಳಿ ಹಿಡಿದು ಆತುಕೊಳ್ಳುತ್ತಾರೆ. ವರ್ಷವಿಡೀ ರೈತರು ಅದರಲ್ಲಿ ಮಳೆ ಹುಡುಕುತ್ತಾರೆ, ವ್ಯಾಪಾರಸ್ಥರು ದರ ಹುಡುಕುತ್ತಾರೆ, ರಾಜಕಾರಣಿಗಳು ತಮ್ಮ ಕುರ್ಚಿ ಹುಡುಕುತ್ತಾರೆ. ಮೆಕ್ಯಾನಿಕ್ಕುಗಳ ಮಾತಿನ ಪರಂಪರೆಯೂ ಇದೇ ಶಾಖೆಗೆ ಸೇರಿದ್ದೆಂದು ಈ ಲೇಖಕನ ಮತ. ಹಗರಿಬೊಮ್ಮನಹಳ್ಳಿಯಿಂದ ಬಂದ ಹಳೇ ಮೇಸ್ತ್ರಿ ಕೋಳಿಯನ್ನು ಎಬ್ಬಿಸಿದರು, ಪ್ಲಗ್ಗು ಬಿಚ್ಚಿ ಮೂಸಿದರು, ಬೋರಿನೊಳಗೆ ಟಾರ್ಚು ಬಿಟ್ಟು ನೋಡಿದರು. "ಸುಮ್ನಿರ‍್ರಿ ಸ್ವಲ್ಪ" ಅಂದರು. ಮನೆಯವರೆಲ್ಲ ಸುಮ್ಮನಾದರು. ಆಗ ನುಡಿದದ್ದು: "ಎಣ್ಣಿ ಉಂಡೀತು, ಮಣ್ಣು ಮುಕ್ಕೀತು."

ಭಾಷ್ಯಕಾರರು ಎದ್ದುಬಿಟ್ಟರು. ಕೂಡ್ಲಿಗಿ ಕಡೆಯ ನೆಂಟರದು ಮಸಾರಿ ಭಾಷ್ಯ: ಕೆಂಪು ನೆಲದ ಸಣ್ಣ ಧೂಳು ಹರಿದ ಏರ್ ಫಿಲ್ಟರಿನಿಂದ ಒಳಗೆ ಹೋಗಿ ಹೊಸ ಬೋರನ್ನು ಉಜ್ಜಿ ತಿನ್ನುತ್ತದೆ, ಆದ್ದರಿಂದ ಮೊದಲು ಫಿಲ್ಟರ್ ನೋಡು. ಹಡಗಲಿ ಹೊಳೆಸಾಲಿನವರದು ಎರಿ ಭಾಷ್ಯ: ಹಸಿ ಎರಿಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ; ಮಡ್‌ಗಾರ್ಡು ತೆಗೆಯದೆ ಟ್ರ್ಯಾಕಿಗೆ ಇಳಿಯಬೇಡ. ಗಾಡಿ ರೇಸಿಗೆ ಹೋಗುತ್ತದೆಂದು ಮೇಸ್ತ್ರಿ ಆಶೀರ್ವಾದ ಮಾಡಿದರೆಂಬುದು ಅಳಿಯನ ಟೀಕೆ. ಎಣ್ಣೆ ಉಣ್ಣುವುದು ಗಾಡಿ, ಮಣ್ಣು ಮುಕ್ಕುವುದು ನೀನು ಎಂಬುದು ಅತ್ತೆಯ ಟಿಪ್ಪಣಿ. ಮೂಲಕರ್ತೃವನ್ನೇ ಕೇಳೋಣವೆಂದರೆ ಮೇಸ್ತ್ರಿ ಅಷ್ಟರಲ್ಲಿ ಸಿಲಿಂಡರ್ ಬ್ಯಾರಲ್ ಬಿಚ್ಚಿ, ಗೋಣಿಚೀಲಕ್ಕೆ ಹಾಕಿ, ಬೋರು ಮಾಡಿಸಲು ಹೊರಟೇ ಹೋಗಿದ್ದರು. ಅಡ್ವಾನ್ಸು ಯಾರು ಕೊಟ್ಟರೆಂದು ಯಾರೂ ಬಾಯಿಬಿಡಲಿಲ್ಲ. ಮಾವ ಮಾತ್ರ ದನಗಳ ಕಡೆ ನೋಡುತ್ತಿದ್ದರು.

ಹೀಗಾಗಿ ಮಾಡಿಸಬೇಕೋ ಬೇಡವೋ ಎಂಬ ಮೂಲಪ್ರಶ್ನೆ, ನಿರ್ಣಯ ಆಗುವ ಮೊದಲೇ ಗೋಣಿಚೀಲದಲ್ಲಿ ಊರು ಬಿಟ್ಟಿತು. ಉಳಿದದ್ದು ಒಪ್ಪಂದ. ಕತ್ತರಿಸುವಂತಿಲ್ಲ, ಬೆಸುಗೆ ಹಾಕುವಂತಿಲ್ಲ. ನಟ್ಟು ಬೋಲ್ಟಿನಲ್ಲಿ ಬಿಚ್ಚುವುದನ್ನಷ್ಟೇ ಬಿಚ್ಚಬಹುದು. ಬಿಚ್ಚಿದ ಮಡ್‌ಗಾರ್ಡು, ಎರಡೂ ಸೈಲೆನ್ಸರ್, ಹೆಡ್‌ಲೈಟು ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಮಾವನ ವಶದಲ್ಲಿ ಇರತಕ್ಕದ್ದು, 2032ರವರೆಗೆ. ಅಳಿಯ ನೋವಿಸ್ ವರ್ಗದಲ್ಲಿ ಒಂದು ಸಲ ಓಡಿಸತಕ್ಕದ್ದು. ಕೊನೆಯವನಾಗಿ ಬಂದರೂ ಗಾಡಿಯನ್ನು ಬೈಯತಕ್ಕದ್ದಲ್ಲ. ಸೀಲು, ಬೇರಿಂಗು, ಟ್ಯಾಂಕು, ಟೈರು, ಹೆಲ್ಮೆಟ್ಟು, ಎದೆಗವಚ ಇವುಗಳ ಖರ್ಚು ಯಾರದೆಂಬ ಅಧಿಕರಣ ಇನ್ನೂ ತೆರೆದೇ ಇದೆ. ಶೇಂಗಾ ಮಾರಿದ ದುಡ್ಡು ಅತ್ತೆಯ ಬಳಿ ಇದೆಯೆಂಬುದು ಉಭಯ ಪಕ್ಷಕ್ಕೂ ಸಮ್ಮತ. ಕೇಳಲು ಮಾವ ಅಳಿಯನನ್ನೂ, ಅಳಿಯ ಮಾವನನ್ನೂ ಮುಂದೆ ತಳ್ಳುತ್ತಿದ್ದಾರೆ.