ನಾನು ಪಿಎಚ್‌ಪಿ ಒಕ್ಕಲು

ಜಾಲತಾಣ ಬರೆಯುವ ಭಾಷೆ ಪಿಎಚ್‌ಪಿ ಸತ್ತುಹೋಯಿತೆಂಬ ಸುದ್ದಿ ನನಗೆ ಆಗಾಗ ಬರುತ್ತಿರುತ್ತದೆ. ತರುವವರು ಬಹುಪಾಲು ಕೊರಳಲ್ಲಿ ಕಂಪನಿಯ ಬಿಲ್ಲೆ ತೂಗುಬಿಟ್ಟ ಹುಡುಗರು. "ಅಂಕಲ್, ಈಗ್ಲೂ ಪಿಎಚ್‌ಪೀನಾ?" ಎಂದು ಕೇಳುವಾಗ ದನಿಯಲ್ಲಿ ಅಪ್ಪಟ ಮರುಕವಿರುತ್ತದೆ. ನಾನೂ ಸೂತಕದ ಮುಖ ಮಾಡಿಕೊಂಡು ಕೂರುತ್ತೇನೆ. ಒಳಗೊಳಗೇ ಖುಷಿಯೋ ಖುಷಿ. ಹುಡುಗ ಸಾಕ್ಷಿ ತೋರಿಸಲು ವಿಕಿಪೀಡಿಯ ತೆರೆಯುತ್ತಾನಲ್ಲ, ಅದು ನಡೆಯುವುದೇ ಮೀಡಿಯಾವಿಕಿಯ ಮೇಲೆ. ಮೀಡಿಯಾವಿಕಿ ಬರೆದಿರುವುದು ಪಿಎಚ್‌ಪಿಯಲ್ಲಿ. ಜಗತ್ತಿನ ಜಾಲತಾಣಗಳಲ್ಲಿ ಶೇ. 40ಕ್ಕೂ ಹೆಚ್ಚನ್ನು ಹೊತ್ತಿರುವ ವರ್ಡ್‌ಪ್ರೆಸ್ಸೂ ಅದೇ ಮನೆಯದು. ಇದನ್ನೆಲ್ಲ ನಾನು ತಕ್ಷಣ ಹೇಳುವುದಿಲ್ಲ. ಹುಡುಗ ಪೂರ್ತಿ ಮಾತಾಡಿ ಮುಗಿಸಲಿ ಎಂದು ಕಾಯುತ್ತೇನೆ. ಈ ವಯಸ್ಸಿನಲ್ಲಿ ಉಳಿದಿರುವ ಸುಖ ಇಂಥವೇ.

ಕೆಲವರು ತಿಮ್ಮಪ್ಪನ ಒಕ್ಕಲು, ಕೆಲವರು ಮಂಜುನಾಥನ ಒಕ್ಕಲು. ನಾನು ಪಿಎಚ್‌ಪಿ ಒಕ್ಕಲು. ಮನೆದೇವರನ್ನು ಯಾರೂ ಗುಣ ನೋಡಿ ಆರಿಸಿಕೊಳ್ಳುವುದಿಲ್ಲವಾದ್ದರಿಂದ ಅದರ ಅವಗುಣ ಹೇಳಲು ನನಗೆ ಸಂಕೋಚವಿಲ್ಲ. 1994ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಎಂಬಾತ, ತನ್ನ ರೆಸ್ಯೂಮೆಯನ್ನು ಇಂಟರ್ನೆಟ್ಟಿನಲ್ಲಿ ಯಾರ್‍ಯಾರು ನೋಡಿದರು ಎಂದು ತಿಳಿಯುವ ಆಸೆಗೆ ಬರೆದುಕೊಂಡ ಚಿಕ್ಕ ಪ್ರೋಗ್ರಾಮುಗಳು ಬೆಳೆದು ಭಾಷೆಯಾದವು. ಭಾಷೆ ಮಾಡುವ ಇರಾದೆಯೇ ತನಗಿರಲಿಲ್ಲವೆಂದು ಆತನೇ ಹೇಳಿದ್ದಾನೆ. ಹೇಳದಿದ್ದರೂ ಗೊತ್ತಾಗುತ್ತಿತ್ತು. ಬಣವೆಯಲ್ಲಿ ಸೂಜಿ ಹುಡುಕುವ ಫಂಕ್ಷನ್ನುಗಳನ್ನೇ ನೋಡಿ (ಬಣವೆ, ಸೂಜಿ ಎಂದು ಕೈಪಿಡಿಯಲ್ಲೇ ಇದೆ). ಸ್ಟರ್‌ಪಾಸ್‌ಗೆ ಮೊದಲು ಬಣವೆ ಕೊಡಬೇಕು, ಆಮೇಲೆ ಸೂಜಿ. ಇನ್-ಅರೇಗೆ ಮೊದಲು ಸೂಜಿ, ಆಮೇಲೆ ಬಣವೆ. ತಲೆ ನರೆತರೂ ನಾನಿನ್ನೂ ಕೈಪಿಡಿ ತೆರೆದೇ ಬರೆಯುತ್ತೇನೆ, ಅದರಲ್ಲೂ ಒಂದು ಹೆಮ್ಮೆ.

ಯುನಿಕೋಡನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಬರುತ್ತೇನೆಂದು ಹೊರಟ 6ನೇ ಆವೃತ್ತಿ ಬರಲೇ ಇಲ್ಲ. 5 ಆದಮೇಲೆ 2015ರಲ್ಲಿ ನೇರವಾಗಿ 7 ಬಂತು. ಬಾರದ ಆ 6ರ ಫಲವನ್ನು ನಾನು ಉಂಡದ್ದು ಒಂದು ಕನ್ನಡ ಸಂಘದ ಕಚೇರಿಯಲ್ಲಿ.

ಸಂಘದ ಕಾರ್ಯದರ್ಶಿ ನಿವೃತ್ತ ಕನ್ನಡ ಮೇಷ್ಟ್ರು. ಜಾಲತಾಣವನ್ನು ಯಾರೋ ಪುಣ್ಯಾತ್ಮ ಬರೆದಿಟ್ಟು ವಿದೇಶಕ್ಕೆ ಹೋಗಿದ್ದ. ಕಾರ್ಯಕ್ರಮದ ಶೀರ್ಷಿಕೆ 20 ಅಕ್ಷರ ಮೀರಬಾರದೆಂದು ಅದರಲ್ಲಿ ಕಟ್ಟಳೆ. ಮೇಷ್ಟ್ರು "ಕನ್ನಡ ಹಬ್ಬ" ಎಂದು ಟೈಪು ಮಾಡಿದರೆ, 28 ಅಕ್ಷರ ಆಯಿತು, ಕಡಿಮೆ ಮಾಡಿ ಎಂದಿತು.

"ಕ, ನ್ನ, ಡ. ಹ, ಬ್ಬ. ಐದು!" ಮೇಷ್ಟ್ರು ಬೆರಳು ಮಡಚಿ ತೋರಿಸಿದರು. "ಇನ್ನೇನು ಕಡಿಮೆ ಮಾಡೋದು? ಹಬ್ಬಾನೇ ಬಿಡೋದಾ?"

ಉದ್ದ ಅಳೆಯುವ ಸ್ಟರ್‌ಲೆನ್ ಫಂಕ್ಷನ್ನು ಅಕ್ಷರ ಎಣಿಸುವುದಿಲ್ಲ, ಬೈಟ್ ಎಣಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಹಾಗಾಗಿ "ಕನ್ನಡ" ಒಂದಕ್ಕೇ 15 ಎಂದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ನಾನು ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಅದೇ ಪದಕ್ಕೆ ಎಂಬಿ-ಸ್ಟರ್‌ಲೆನ್ ಹಾಕಿದೆ. 5 ಬಂತು.

"ಇದು ಇಳಿತಾ ಇದೆ," ಎಂದರು, ಜ್ವರ ನೋಡುವವರ ದನಿಯಲ್ಲಿ. "ಆದರೆ ಐದೆಲ್ಲಿಂದ ಬಂತು?"

"ಕ, ನ, ಹಲಂತ, ನ, ಡ."

"ಹಲಂತವನ್ನ ಅಕ್ಷರ ಅಂತ ಎಣಿಸಿದರೆ ಒಂದನೇ ಕ್ಲಾಸಿನಲ್ಲೇ ಕಿವಿ ಹಿಂಡ್ತಿದ್ದೆ."

ಗ್ರಾಫೀಮ್-ಸ್ಟರ್‌ಲೆನ್ ಹಾಕಿದೆ. ಮನುಷ್ಯ ಒಂದು ಅಕ್ಷರವೆಂದು ತಿಳಿಯುವುದನ್ನು ಒಂದೆಂದೇ ಎಣಿಸುವ ಸುಸಂಸ್ಕೃತ ಫಂಕ್ಷನ್ನು ಅದು. 4 ಎಂದಿತು. "ನ್" ಬೇರೆ, "ನ" ಬೇರೆಯಂತೆ. ನನ್ನ ಬತ್ತಳಿಕೆ ಬರಿದಾಯಿತು. ಮೇಷ್ಟ್ರು ಮಾತ್ರ ಪರದೆಗೆ ಮೂಗು ತಾಗಿಸಿ ಕೂತಿದ್ದವರು ತಟ್ಟನೆ ನೆಟ್ಟಗಾದರು. "ತಡೀರಿ! ಕನ್‌ ಗುರು, ನ ಲಘು, ಡ ಲಘು. ನಾಲ್ಕು ಮಾತ್ರೆ! ಇದಕ್ಕೆ ಛಂದಸ್ಸು ಬರುತ್ತದೆ ಕಣ್ರೀ!"

ಕಾಕತಾಳೀಯ ಎಂದು ಹೇಳುವ ಕ್ರೌರ್ಯ ನನ್ನಲ್ಲಿರಲಿಲ್ಲ. ಒತ್ತಕ್ಷರವನ್ನು ಹಿಂದಿನದಕ್ಕೆ ಅಂಟಿಸಿ ಎಣಿಸುವ ಒಂದೆರಡು ಸಾಲು ಬರೆದು 3 ಬರಿಸಿ, ಹಬ್ಬವನ್ನು ಉಳಿಸಿದೆ. ಮೇಷ್ಟ್ರಿಗೆ ಅದರಿಂದ ಅಂಥ ಸಂತೋಷವೇನೂ ಆಗಲಿಲ್ಲ. ಅವರಿಗೆ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿಸುವ ತವಕ.

ಗಮನಿಸಿ, ಇಷ್ಟೆಲ್ಲ ನಡೆದದ್ದು ಓಡುತ್ತಿದ್ದ ಜಾಲತಾಣದಲ್ಲೇ. ಫೈಲು ತಿದ್ದು, ಸರ್ವರಿಗೆ ಹಾಕು, ಪುಟ ತೆರೆ: ಮುಗಿಯಿತು. ಪುಟ ಕೇಳಿದಾಗ ಪಿಎಚ್‌ಪಿ ಹೊಸದಾಗಿ ಹುಟ್ಟುತ್ತದೆ, ಪುಟ ಕೊಟ್ಟು ಎಲ್ಲ ಮರೆತು ಸಾಯುತ್ತದೆ. ಒಬ್ಬರ ಪುಟ ಕೆಟ್ಟರೆ ಪಕ್ಕದವರ ಪುಟಕ್ಕೆ ಅದರ ಸೋಂಕಿಲ್ಲ. ಸತ್ತಿದೆ ಎನ್ನುವ ಹುಡುಗರ ಮಾತು ಆ ಲೆಕ್ಕದಲ್ಲಿ ನಿಜವೇ. ಸಾಯುವುದೇ ಅದರ ಕಸುಬು.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಸಂಘದ ಒಂದು ನೋಟಿಸು ತೋರಿಸಲು ಸಾವಿರಾರು ಫೈಲು ಇಳಿಸಿಕೊಳ್ಳುವ ಹೊಸ ಚೌಕಟ್ಟಿನಲ್ಲಿ "ಮೊದಲಿಂದ ಬರೆದುಬಿಡೋಣ" ಎನ್ನುವವರಿಗೆ ಸಭೆಯಲ್ಲಿ ಕುರ್ಚಿ ಹಾಕುತ್ತಾರೆ. ಹಳೆಯದನ್ನು ಓದಿ, ಅರ್ಥಮಾಡಿಕೊಂಡು, ಮುರಿಯದಂತೆ ತಿದ್ದುವವನಿಗೆ "ಒಂದೈದು ನಿಮಿಷದ ಕೆಲಸ ಅಲ್ವಾ" ಎನ್ನುತ್ತಾರೆ. ಹೊಸದು ಬರೆಯುವವನು ಮುಂದಿನ ವರ್ಷ ಬೇರೆ ಕಂಪನಿಯಲ್ಲಿರುತ್ತಾನೆ. ತಿದ್ದುವವನೂ ಸಾಕಾಗಿ ಬಿಟ್ಟರೆ ತಾಣ ಹಳೆಯ ಆವೃತ್ತಿಯಲ್ಲೇ, ಬೀಗವಿಲ್ಲದೆ, ಸದಸ್ಯರ ಫೋನ್ ನಂಬರುಗಳ ಸಮೇತ ಬಿದ್ದಿರುತ್ತದೆ. ಇದು ತಮಾಷೆಯಲ್ಲ. 5.6ಕ್ಕೆ ಭದ್ರತೆಯ ತೇಪೆ ನಿಂತದ್ದು 2018ರ ಕೊನೆಗೆ, 7.4ಕ್ಕೆ 2022ರಲ್ಲಿ.

ಆದ್ದರಿಂದ ನಿಮ್ಮ ಸಂಘದ್ದೋ ಶಾಲೆಯದ್ದೋ ದೇವಸ್ಥಾನದ್ದೋ ಜಾಲತಾಣ ಪಿಎಚ್‌ಪಿಯ ಯಾವ ಆವೃತ್ತಿಯಲ್ಲಿ ಓಡುತ್ತಿದೆ ಎಂದು ಈ ವಾರವೇ ಕೇಳಿ. ಉತ್ತರ 5ರಿಂದಲೋ 7ರಿಂದಲೋ ಶುರುವಾದರೆ, ಬಲ್ಲವರನ್ನು ಕರೆಸಿ 8ಕ್ಕೆ ಏರಿಸಿ. ಕರೆಯುವಾಗಲೇ ಎಷ್ಟು ಕೊಡುತ್ತೀರಿ ಎಂದೂ ಹೇಳಿ. ಫಿಲ್ಟರ್ ಕಾಫಿಯನ್ನು ಅದರಲ್ಲಿ ಸೇರಿಸಬೇಡಿ.