ಪೌಂಡಿನ ನಾಗಮಂಗಲ, ಯೆನ್ನಿನ ಪಾಂಡವಪುರ

ಬೇಕಾಗುವ ಸಾಮಾನು: ವಿಷುಯಲ್ ಬೇಸಿಕ್ 6ರಲ್ಲಿ ಬರೆದ ಸಂಘದ ಸದಸ್ಯರ ಪಟ್ಟಿಯ ಹಳೇ ತಂತ್ರಾಂಶ ಒಂದು. ಅದನ್ನು ಬರೆದುಕೊಟ್ಟು ಬೆಂಗಳೂರು ಸೇರಿ, ಈಗ ಫೋನ್ ಎತ್ತದ ಹುಡುಗ ಒಬ್ಬ. ಕಾಫಿ, ಆಗಾಗ.

ಮೊದಲು ನುಡಿ ಫಾಂಟ್ ತೆಗೆದು ಏರಿಯಲ್ ಹಾಕಿ ನೋಡಿ. ಗಾಬರಿ ಬೇಡ. ನಾಗಮಂಗಲ ಪೌಂಡ್ ಗುರುತಿನಿಂದ ಶುರುವಾಗಿ, ಟ್ರೇಡ್‌ಮಾರ್ಕಿನವರು ಹಾಕುವ ವೃತ್ತದೊಳಗಿನ ‘ಆರ್’ನಲ್ಲಿ ಮುಗಿಯುತ್ತದೆ. ಪಾಂಡವಪುರದ ತಲೆ ಮೇಲೆ ಜಪಾನಿನ ಯೆನ್. ಶ್ರೀರಂಗಪಟ್ಟಣದ ‘ಶ್ರೀ’ ಹೊರಡುವುದೇ ಗಣಿತದಲ್ಲಿ ವರ್ಗಕ್ಕೆ ಹಾಕುವ ಪುಟಾಣಿ ಎರಡರಿಂದ. ಕನ್ನಡಕ್ಕೆ ಯುನಿಕೋಡಿನಲ್ಲಿ 1991ರಲ್ಲೇ 128 ಮನೆ ಮಂಜೂರಾಗಿದ್ದರೂ ನಾವು ಬಹುಕಾಲ ಪರರ ಅಕ್ಷರಗಳಿಗೆ ಕನ್ನಡದ ವೇಷ ಕಟ್ಟಿ ಕುಣಿಸಿದೆವು. ವೇಷ ಕಳಚಿದ ಪರದೆಯನ್ನು ಕಾರ್ಯದರ್ಶಿಗಳಿಗೆ ಮಾತ್ರ ತೋರಿಸಬೇಡಿ. ನಾನು ತೋರಿಸಿದ್ದೆ. “ಏನ್ ಸಾ ಇದು, ನಮ್ಮೂರ್ನ ಇಂಗ್ಲೆಂಡ್‌ಗೆ ಮಾರ್ಬುಟ್ರಾ?”

ಇನ್ನು ಪರಿವರ್ತನೆ. ಹಳೇ ಕಡತದಲ್ಲಿ ಅಕ್ಷರಗಳು ಕಣ್ಣಿಗೆ ಕಂಡಂತೆ ಕೂತಿವೆ, ಯುನಿಕೋಡಿನಲ್ಲಿ ಬಾಯಲ್ಲಿ ಬಂದಂತೆ ಕೂರಬೇಕು. ‘ಸೂರ್ಯ’ದಲ್ಲಿ ಕೊನೆಗಿದ್ದ ಅರ್ಕಾವತ್ತನ್ನು ಎತ್ತಿ ‘ಯ’ದ ಮುಂದಕ್ಕೆ ತನ್ನಿ. ಸಾವಿರಾರು ಹೆಸರಿದ್ದರೆ ಕೈಯಲ್ಲಿ ಮಾಡಲು ಹೋಗಬೇಡಿ, ಅದಕ್ಕೆ ಪರಿವರ್ತಕಗಳಿವೆ.

ಪರದೆ ತುಂಬ ಪ್ರಶ್ನಾರ್ಥಕ ಚಿಹ್ನೆ ಬಂದರೆ ತಪ್ಪು ನಿಮ್ಮದಲ್ಲ. ಈ ವಿಷುಯಲ್ ಬೇಸಿಕ್ ಒಳಗೆಲ್ಲ ಯುನಿಕೋಡನ್ನೇ ಇಟ್ಟುಕೊಂಡಿರುತ್ತದೆ, ಪರದೆಯ ಮೇಲಿನ ಪೆಟ್ಟಿಗೆಗಳಿಗೆ ಮಾತ್ರ ಅದು ಬರುವುದಿಲ್ಲ. ಪೆಟ್ಟಿಗೆ ಬದಲಿಸಿ.

ಊರಿನ ಹೆಸರಿಗೆ 20 ಬೈಟ್ ಜಾಗ ಬಿಟ್ಟಿದ್ದಾರೆಯೇ? ಹಳೇ ಲೆಕ್ಕದಲ್ಲಿ ಶ್ರೀರಂಗಪಟ್ಟಣಕ್ಕೆ 13 ಸಾಕಿತ್ತು. ಯುಟಿಎಫ್-8ರಲ್ಲಿ 36 ಬೇಕು. ಅಗಲಿಸದಿದ್ದರೆ ‘ಶ್ರೀರಂ’ ಅಂತ ನಿಂತು, ಪಕ್ಕದಲ್ಲಿ ಅರ್ಧ ತುಂಡಾದ ‘ಗ’ ಬಿದ್ದಿರುತ್ತದೆ.

ಕೆ.ಆರ್.ಪೇಟೆಯ ಚುಕ್ಕಿ ಅಳಿಸಬೇಡಿ. ಅಳಿಸಿದರೆ ‘ರ್’ ಸುಮ್ಮನಿರದೆ ‘ಪೇ’ ಬೆನ್ನಿಗೆ ಅರ್ಕಾವತ್ತಾಗಿ ಜೋತುಬಿದ್ದು ‘ಕೆಆರ್ಪೇಟೆ’ ಆಗುತ್ತದೆ. ಚುಕ್ಕಿ ಬೇಡವೇ ಬೇಡ ಅನ್ನುವವರು ನಡುವೆ ಕಣ್ಣಿಗೆ ಕಾಣದ ಬೇರ್ಪಡಿಕೆಯ ಅಕ್ಷರವೊಂದನ್ನು ಇಡಬೇಕು: ಕೆಆರ್‌ಪೇಟೆ.

ಕಡೆಯದು ಅಕಾರಾದಿ. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳನ್ನು ಹಳೇ ತಂತ್ರಾಂಶಕ್ಕೆ ಕೊಟ್ಟು ಪರೀಕ್ಷಿಸಬೇಡಿ, ಮೋಸ ಹೋಗುತ್ತೀರಿ. ಬರೀ ಬೈಟ್ ನೋಡಿ ಜೋಡಿಸಿದರೂ ಏಳೂ ಸರಿಯಾಗಿಯೇ ಬರುತ್ತವೆ. ಕೆ.ಎಸ್. ನರಸಿಂಹಸ್ವಾಮಿಯವರ ಊರು ಕಿಕ್ಕೇರಿಯನ್ನು ಸೇರಿಸಿ ನೋಡಿ. ‘ಕೆ’ಯ ಹಿಂದಿರುವುದು ಇಂಗ್ಲಿಷಿನ ‘ಪಿ’, ‘ಕಿ’ಯ ಹಿಂದಿರುವುದು ‘ಕ್ಯೂ’. ಹೀಗಾಗಿ ಕಿಕ್ಕೇರಿ ಕೆ.ಆರ್.ಪೇಟೆಯ ಕೆಳಗೆ ಹೋಗುತ್ತದೆ. ಯುನಿಕೋಡಿನಲ್ಲಿ ಅದು ಮೇಲೆ ಬಂತು. ಕಾಗುಣಿತ ಗೆದ್ದಿತೆಂದು ನಾನು ಖುಷಿಯಲ್ಲಿ ಮುದ್ರಿಸಿ ಕೊಟ್ಟೆ. ಕಾರ್ಯದರ್ಶಿಗಳು ಕನ್ನಡಕ ಏರಿಸಿ ಹಾಳೆಯನ್ನು ಎರಡು ಸಲ ಓದಿದರು.

“ಹೋಬ್ಳಿ ಮೇಲೆ, ತಾಲ್ಲೂಕು ಕೆಳ್ಗಾ? ಮೊದ್ಲಿದ್ದಂಗೇ ಮಾಡ್ಬುಡಿ ಸಾ.”