ಗೆಣಸು–ಆಲೂಗಡ್ಡೆ ತಾರತಮ್ಯ ಮೀಮಾಂಸೆ

ಗೆಣಸು ಆಲೂಗಡ್ಡೆಗಿಂತ ಆರೋಗ್ಯಕರವೆಂಬ ಲೋಕವಾದವನ್ನು ಪರಾಮರ್ಶಿಸುವುದು ಪ್ರಸ್ತುತ ಮೀಮಾಂಸೆಯ ಉದ್ದೇಶವಾಗಿದ್ದು, ವಿಚಾರಣೆಗೆ ವಿಜಯನಗರ ಜಿಲ್ಲೆಯ ಕೊಟ್ಟೂರನ್ನೇ ಆರಿಸಿಕೊಂಡಿರುವುದಕ್ಕೆ ಬಲವಾದ ಕಾರಣವಿದೆ. ಆಲೂಗಡ್ಡೆಗೆ ಹಾಸನವೂ ಗೆಣಸಿಗೆ ಬೆಳಗಾವಿಯೂ ಹೆಸರಾಗಿರುವುದರಿಂದ ಆ ಊರುಗಳ ಪಂಡಿತರ ಸಾಕ್ಷ್ಯ ಪಕ್ಷಪಾತದಿಂದ ದೂಷಿತವಾಗಿರುವ ಸಂಭವವುಂಟು; ಕೊಟ್ಟೂರಿನವರ ನಿಷ್ಠೆಯಾದರೋ ಮಂಡಕ್ಕಿ–ಮಿರ್ಚಿಗೆ ಮೀಸಲಾಗಿರುವುದರಿಂದ ಎರಡೂ ಗಡ್ಡೆಗಳ ವಿಷಯದಲ್ಲಿ ಅವರು ಸ್ಥಿತಪ್ರಜ್ಞರು.

ಮೊದಲು ಕುಲಗೋತ್ರ. ಸಸ್ಯಶಾಸ್ತ್ರದ ಪ್ರಕಾರ ಆಲೂಗಡ್ಡೆಯು ನೆಲದೊಳಗೆ ಉಬ್ಬಿದ ಕಾಂಡ, ಗೆಣಸು ಉಬ್ಬಿದ ಬೇರು; ಆದ್ದರಿಂದಲೇ ಮೊದಲನೆಯದಕ್ಕೆ ಮೊಳಕೆಯೊಡೆಯುವ ಕಣ್ಣುಗಳಿದ್ದು, ಎರಡನೆಯದಕ್ಕೆ ಅಂಥ ಕಣ್ಣುಗಳಿಲ್ಲದೆ ಬಳ್ಳಿಯ ತುಂಡುಗಳನ್ನೇ ನಾಟಿ ಮಾಡಬೇಕಾಗುತ್ತದೆ. ಇಷ್ಟೊಂದು ಕಣ್ಣುಗಳಿದ್ದೂ ಆಲೂಗಡ್ಡೆ ನೇರವಾಗಿ ಎಣ್ಣೆಗೇ ಹೋಗಿ ಬೀಳುವುದೇಕೆಂಬುದು ಗಹನವಾದ ಪ್ರಶ್ನೆ. ಬದನೆ ಮತ್ತು ಮೆಣಸಿನಕಾಯಿಗಳು ಅದರ ಸಗೋತ್ರಗಳಾದ್ದರಿಂದ, ಬಾಣಲೆಯಲ್ಲಿ ಬೋಂಡಾ ಮತ್ತು ಮಿರ್ಚಿ ಅಕ್ಕಪಕ್ಕ ತೇಲುವುದನ್ನು ದಾಯಾದಿಗಳ ಸಮಾಗಮವೆಂದು ವ್ಯಾಖ್ಯಾನಿಸಬಹುದು. ಎರಡೂ ಗಡ್ಡೆಗಳು ಅಮೆರಿಕ ಖಂಡದಿಂದ ಬಂದ ಪರದೇಶಿಗಳೇ ಆದರೂ ಶಿವರಾತ್ರಿಯ ಉಪವಾಸದಲ್ಲಿ ಅಗ್ರಪೂಜೆ ಗೆಣಸಿಗೇ ಸಲ್ಲುತ್ತದೆ. (ಉಪವಾಸವೆಂದರೆ ಅನ್ನವೊಂದನ್ನು ಬಿಟ್ಟು ಉಳಿದುದನ್ನು ಎರಡು ಪಾಲು ತಿನ್ನುವ ವ್ರತವೆಂದು ಇಲ್ಲಿ ಗ್ರಹಿಸತಕ್ಕದ್ದು.)

ಪೂರ್ವಪಕ್ಷ, ಅಂದರೆ ಮೊದಲು ಮಂಡಿಸಿ ಆಮೇಲೆ ಕೆಡವಬೇಕಾದ ವಾದ, ಹೀಗಿದೆ: ಗೆಣಸಿನಲ್ಲಿ ನಾರು ಹೆಚ್ಚು, ದೇಹವು 'ಎ' ಜೀವಸತ್ವವಾಗಿ ಪರಿವರ್ತಿಸಿಕೊಳ್ಳುವ ಬೀಟಾ ಕ್ಯಾರೋಟಿನ್ ಹೇರಳ, ಆದುದರಿಂದ ಅದೇ ಶ್ರೇಷ್ಠ. ನಾರಿನ ಮಾತು ಒಪ್ಪತಕ್ಕದ್ದೇ. ಆದರೆ ಕ್ಯಾರೋಟಿನ್ನಿನ ಕೀರ್ತಿ ಕಿತ್ತಳೆ ತಿರುಳಿನ ತಳಿಗಳದ್ದು. ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯ 'ಭೂ ಸೋನಾ' ಅಂಥದ್ದು, ಆಫ್ರಿಕಾದಲ್ಲಿ ಅಂಥ ಗೆಣಸನ್ನು ಹರಡಿದವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿಯೂ ಸಂದಿತು. ಸಂತೆಯ ಬಿಳಿ ತಿರುಳಿನ ಗೆಣಸು ಆ ಹಾರಕ್ಕೆ ಕೊರಳೊಡ್ಡುವುದು ನ್ಯಾಯವಲ್ಲ. ಕ್ಯಾಲರಿಯ ಲೆಕ್ಕವಂತೂ ಪೂರ್ವಪಕ್ಷಕ್ಕೆ ಮುಜುಗರ ತರುವಂಥದ್ದು: 100 ಗ್ರಾಂ ಹಸಿ ಆಲೂಗಡ್ಡೆಯಲ್ಲಿ ಸುಮಾರು 77 ಇದ್ದರೆ ಗೆಣಸಿನಲ್ಲಿ ಸುಮಾರು 86.

ಹಾಗಾದರೆ ಗೆಣಸಿನ ಮಹಿಮೆ ಎಲ್ಲಿದೆ? ಅಡುಗೆಮನೆಯಲ್ಲಿ. ಮಣ್ಣು ತೊಳೆದು ಎರಡೂ ತುದಿ ಕತ್ತರಿಸಿದಾಗ ಒಸರುವ ಹಾಲು ಬೆರಳಿಗೆ ಅಂಟಿ ಕಪ್ಪಾಗುವುದನ್ನು ಬಿಟ್ಟರೆ ಗೆಣಸಿಗೆ ಬೇರಾವ ಸಂಸ್ಕಾರವೂ ಇಲ್ಲ. ನೀರು, ಚಿಟಿಕೆ ಉಪ್ಪು, ಬೆಂಕಿ, ಅಷ್ಟೇ. ಬೇಯಿಸಿದ ಗೆಣಸಿನ ಗ್ಲೈಸೆಮಿಕ್ ಸೂಚ್ಯಂಕ, ಎಂದರೆ ತಿಂದ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆಂಬ ಅಳತೆ, ಕಡಿಮೆಯಿರುತ್ತದೆ. ಅದನ್ನೇ ಸುಟ್ಟರೆ ಪಿಷ್ಟ ಸಕ್ಕರೆಯಾಗಿ ಸೂಚ್ಯಂಕ ಜಿಗಿಯುತ್ತದೆ. ಇನ್ನು ಬೆಲ್ಲ ಬೆರೆಸಿ ಹೂರಣ ಮಾಡಿ, ಹೋಳಿಗೆ ತಟ್ಟಿ, ಮೇಲೆ ತುಪ್ಪ ಸುರಿದ ಗೆಣಸಿನ ಆರೋಗ್ಯದ ಬಗ್ಗೆ ಮೀಮಾಂಸೆಯು ಮೌನ ವಹಿಸುತ್ತದೆ, ಏಕೆಂದರೆ ಬಾಯಿ ತುಂಬಿರುತ್ತದೆ.

ಮಾಘ ಮಾಸದ ಮೂಲಾ ನಕ್ಷತ್ರದಂದು ಕೊಟ್ಟೂರೇಶ್ವರನ ತೇರು ಎಳೆದು, ಮಿರ್ಚಿ ತಿಂದು ಮನೆ ಸೇರಿದ ಭಕ್ತನಿಗೆ ಕೆಲವೇ ದಿನಗಳಲ್ಲಿ ಶಿವರಾತ್ರಿಯ ಗೆಣಸು ಎದುರಾಗುವುದು ಪಂಚಾಂಗಕರ್ತರ ವೈದ್ಯಕೀಯ ಜ್ಞಾನಕ್ಕೆ ಸಾಕ್ಷಿಯೆಂದು ಹೇಳುವವರಿದ್ದರೆ, ಅವರೊಡನೆ ವಾದ ಬೇಡ.

ಸಿದ್ಧಾಂತವಿಷ್ಟು: ಬೇಯಿಸಿದ ಗೆಣಸು ಕರಿದ ಆಲೂಗಡ್ಡೆಗಿಂತ ಉತ್ತಮ, ಬೇಯಿಸಿದ ಆಲೂಗಡ್ಡೆಯೂ ಕರಿದ ಗೆಣಸಿಗಿಂತ ಅಷ್ಟೇ ಉತ್ತಮ. ಮಿರ್ಚಿಯ ಕುರಿತಾದ ಆಕ್ಷೇಪಣೆಗಳನ್ನು ತೇರು ಮುಗಿಯುವವರೆಗೆ ಸ್ವೀಕರಿಸಲಾಗುವುದಿಲ್ಲ.